ಪದಪ್ರಶ್ನೆ: ‘ಚಾರ್ಜ್’ ಎಂಬ ಗಾಡಿ ಹೊರೆ

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ‘ಚಾರ್ಜ್’ ಪದಕ್ಕೆ ನಿಘಂಟಿನಲ್ಲಿ ಉದ್ದದ ಅರ್ಥಪಟ್ಟಿ ಇದೆ. ಮೊಬೈಲಿಗೂ ಚಾರ್ಜ್, ಬಸ್ಸಿಗೂ ಚಾರ್ಜ್, ಲಾಠಿಗೂ ಚಾರ್ಜ್, ಪೊಲೀಸರದ್ದು ಚಾರ್ಜ್‌ಶೀಟ್. ಇವೆಲ್ಲ ಒಂದೇ ಪದವಾ? ಸಮಾನಾರ್ಥಕ ಪದಗಳನ್ನು ನೆನಪಿಡುವುದು ಹೇಗೆ? (ಓದುಗರು, ಹಾಸನ)

ಉತ್ತರ: ಒಂದೇ ಪದ. ಪಟ್ಟಿಯನ್ನು ಉರು ಹೊಡೆಯಬೇಡಿ, ಒಂದು ಗಾಡಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಲ್ಯಾಟಿನ್ನಿನಲ್ಲಿ ‘ಕಾರ್ರುಸ್’ ಅಂದರೆ ಗಾಡಿ. ಅದರಿಂದ ಹುಟ್ಟಿದ ‘ಕಾರ್ರಿಕಾರೆ’ ಅಂದರೆ ಗಾಡಿಗೆ ಹೇರುವುದು. ಅದು ಹಳೆಯ ಫ್ರೆಂಚರ ಬಾಯಲ್ಲಿ ಸವೆದು ಇಂಗ್ಲಿಷಿಗೆ ‘ಚಾರ್ಜ್’ ಆಗಿ ಬಂತು. ಕಾರ್, ಕ್ಯಾರಿ, ಕಾರ್ಗೋ ಇವೂ ಅದೇ ಮನೆಯ ಮಕ್ಕಳು.

ಮಂಡ್ಯದ ಕಡೆ ಕಬ್ಬಿನ ಗಾಡಿ ನೋಡಿದ್ದೀರಲ್ವಾ? ಕಂತೆ ಮೇಲೆ ಕಂತೆ ಒಟ್ಟಿ, ಹಗ್ಗ ಹಾಕಿ ಬಿಗಿದ ಮೇಲೆ ಮೂಕಿ ಬಾಗುತ್ತದೆ, ನೊಗ ಎತ್ತುಗಳ ಹೆಗಲಿಗೆ ಒತ್ತುತ್ತದೆ. ಆ ಕೆಲಸಕ್ಕೆ ನಮ್ಮ ಮಾತು ‘ಹೇರುವುದು’. ಅದೇ ಮಾತನ್ನು ಎಲ್ಲೆಲ್ಲಿ ಬಳಸುತ್ತೇವೆ ನೋಡಿ: ತೆರಿಗೆ ಹೇರಿದರು, ದಂಡ ಹೇರಿದರು. ಅಂದರೆ ಗಾಡಿಯ ಮಾತು ದುಡ್ಡಿಗೆ ಬಂತು. ಇಂಗ್ಲಿಷಿನಲ್ಲೂ ಆಗಿದ್ದು ಇದೇ. ನಿಮ್ಮ ಮೇಲೆ ಹೇರಿದ ಹಣ ಚಾರ್ಜ್, ಅದರ ಮೇಲೆ ಇನ್ನಷ್ಟು ಹೇರಿದರೆ ಸರ್‌ಚಾರ್ಜ್.

ಇನ್ನು ಚಾರ್ಜ್‌ಶೀಟ್. ಕನ್ನಡದಲ್ಲಿ ಆರೋಪವನ್ನು ಏನು ಮಾಡುತ್ತೇವೆ? ‘ಹೊರಿಸುತ್ತೇವೆ’. ಹೊರೆ, ಹೊರು, ಹೊರಿಸು ಎಲ್ಲ ಒಂದೇ ಬೇರಿನವು. ‘ಆರೋಪ’ ಅನ್ನುವ ಸಂಸ್ಕೃತ ಪದಕ್ಕೂ ಮೂಲ ಅರ್ಥ ಮೇಲೆ ಏರಿಸುವುದು ಅಂತಲೇ. ಅಧಿಕಾರಿ ಚಾರ್ಜ್ ತಗೊಂಡರೆ ‘ಅಧಿಕಾರ ವಹಿಸಿಕೊಂಡರು’ ಅಂತ ಬರೆಯುತ್ತೇವೆ. ಆ ‘ವಹಿಸು’ ಇದೆಯಲ್ಲ, ಅದು ‘ವಾಹನ’ದ ಜೊತೆ ಹುಟ್ಟಿದ ಪದ! ಇನ್‌ಚಾರ್ಜ್ ಹೆಡ್‌ಮಾಸ್ಟರ್ ಅಂದರೆ ಪ್ರಭಾರ ಮುಖ್ಯ ಶಿಕ್ಷಕರು, ಅದರೊಳಗೇ ‘ಭಾರ’ ಕೂತಿದೆ. ಎರಡು ಭಾಷೆಯ ಜನ ಒಬ್ಬರನ್ನೊಬ್ಬರು ಕೇಳದೆ ಒಂದೇ ರೀತಿ ಯೋಚಿಸಿದ್ದಾರೆ ಅನ್ನುವುದು ನನಗೆ ಈ ಪದದಲ್ಲಿ ತುಂಬ ಇಷ್ಟವಾಗುವ ಸಂಗತಿ, ಇದನ್ನು ಹಿಡಿದರೆ ನಿಮಗೆ ಅರ್ಧ ಪಟ್ಟಿ ತಾನಾಗಿ ನೆನಪಿರುತ್ತದೆ.

ಮೊಬೈಲಿನದು ಬಂದೂಕಿನ ದಾರಿ. ಹಳೆಯ ಕೋವಿಗೆ ಒಂದು ಗುಂಡಿಗೆ ಬೇಕಾದಷ್ಟು ಮದ್ದು ತುಂಬುತ್ತಿದ್ದರು, ಆ ಅಳತೆಯ ಮದ್ದಿಗೂ ಚಾರ್ಜ್ ಅಂತಲೇ ಹೆಸರು. 18ನೇ ಶತಮಾನದಲ್ಲಿ ಗಾಜಿನ ಜಾಡಿಯೊಳಗೆ ವಿದ್ಯುತ್ ಹಿಡಿದಿಡಲು ಕಲಿತಾಗ ಅದಕ್ಕೂ ತುಂಬುವ ಈ ಮಾತೇ ಸಿಕ್ಕಿತು. 1749ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಅಂಥ ಜಾಡಿಗಳ ಸಾಲನ್ನು ‘ಬ್ಯಾಟರಿ’ ಎಂದು ಕರೆದರು, ಅದೂ ಫಿರಂಗಿಗಳ ಸಾಲಿಗೆ ಇದ್ದ ಹೆಸರು. ಇಲ್ಲಿ ಮಾತ್ರ ಕನ್ನಡ ಬೇರೆ ದಾರಿ ಹಿಡಿದಿದೆ. ನಮ್ಮ ವಿಜ್ಞಾನದ ಪುಸ್ತಕಗಳಲ್ಲಿ ಅದು ‘ವಿದ್ಯುದಾವೇಶ’. ಆವೇಶ ಅಂದರೆ ಒಳಹೊಗುವುದು, ದೇವರು ಮೈಮೇಲೆ ಬರುತ್ತಾರಲ್ಲ, ಆ ಆವೇಶವೇ.

ಲಾಠಿ ಚಾರ್ಜ್ ಯುದ್ಧಭೂಮಿಯಿಂದ ಬಂದದ್ದು. ಮೈಭಾರವನ್ನೆಲ್ಲ ಹಾಕಿ ಶತ್ರುವಿನ ಮೇಲೆ ನುಗ್ಗುವುದು.

ಈಗ ಸಮಾನಾರ್ಥಕಗಳು. ಪರೀಕ್ಷೆಯಲ್ಲಿ ಜಾಸ್ತಿ ಎಡವುವುದು ಇಲ್ಲಿಯೇ, ಯಾಕೆಂದರೆ ಅವು ಅಕ್ಕಪಕ್ಕದವೇ ಹೊರತು ಒಂದೇ ಅಲ್ಲ. ನಾವು ‘ಬಸ್ ಚಾರ್ಜ್’ ಅನ್ನುತ್ತೇವೆ, ಇಂಗ್ಲಿಷಿನಲ್ಲಿ ಅದು ‘ಫೇರ್’. ವಕೀಲರಿಗೆ, ಡಾಕ್ಟರಿಗೆ, ಕಾಲೇಜಿಗೆ ಕೊಡುವುದು ‘ಫೀ’. ಹೆದ್ದಾರಿಯಲ್ಲಿ ಕಟ್ಟುವುದು ‘ಟೋಲ್’, ತಪ್ಪಿಗೆ ಕಟ್ಟುವುದು ‘ಫೈನ್’. ಆರೋಪದ ಅರ್ಥದಲ್ಲಿ ‘ಅಕ್ಯೂಸ್’ ಹತ್ತಿರದ ಪದ, ಆದರೆ ಅಕ್ಯೂಸ್ ಯಾರು ಬೇಕಾದರೂ ಮಾಡಬಹುದು, ನಿಮ್ಮ ಪಕ್ಕದ ಮನೆಯವರೂ ಮಾಡಬಹುದು. ಚಾರ್ಜ್ ಅಂದಾಗ ಸಾಮಾನ್ಯವಾಗಿ ಕಾನೂನು ಬಂದಿರುತ್ತದೆ. ಇನ್ನೊಂದು, ಚಾರ್ಜ್ ಆದಮೇಲೆ ‘ವಿತ್’ ಬರುತ್ತದೆ, ಅಕ್ಯೂಸ್ ಆದಮೇಲೆ ‘ಆಫ್’. ಇದನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳಿ.

ಪ್ರಶ್ನೆ: ‘ಇನ್ ಚಾರ್ಜ್ ಆಫ್’, ‘ಇನ್ ದ ಚಾರ್ಜ್ ಆಫ್’ ಎರಡೂ ಒಂದೇನಾ? (ಶಿಕ್ಷಕಿ, ಗದಗ)

ಉತ್ತರ: ಇಲ್ಲ ಮೇಡಂ, ಪೂರ್ತಿ ಉಲ್ಟಾ. ನರ್ಸ್ ಮಗುವನ್ನು ನೋಡಿಕೊಳ್ಳುತ್ತಿದ್ದಾರೆ ಅಂದುಕೊಳ್ಳಿ. ಆಗ ನರ್ಸ್ ‘ಇನ್ ಚಾರ್ಜ್ ಆಫ್’ ಮಗು, ಮಗು ‘ಇನ್ ದ ಚಾರ್ಜ್ ಆಫ್’ ನರ್ಸ್. ಮೊದಲನೆಯದು ಹೊಣೆ ಹೊತ್ತವರಿಗೆ, ಎರಡನೆಯದು ಯಾರನ್ನು ಒಪ್ಪಿಸಿದ್ದಾರೋ ಅವರಿಗೆ. ಒಂದು ಪುಟ್ಟ ‘ದ’ ನರ್ಸ್ ಮತ್ತು ಮಗುವನ್ನೇ ಅದಲುಬದಲು ಮಾಡಿಬಿಡುತ್ತದೆ, ಹಾಗಾಗಿ ಮಕ್ಕಳಿಗೆ ಹೇಳುವಾಗ ಎರಡು ವಾಕ್ಯವನ್ನೂ ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದು ತೋರಿಸಿ.

ಪ್ರಶ್ನೆ: ಆಸ್ಪತ್ರೆಯಲ್ಲೂ ಡಿಸ್ಚಾರ್ಜ್, ಕೋರ್ಟಿನಲ್ಲೂ ಡಿಸ್ಚಾರ್ಜ್. ಕೋರ್ಟಿನದ್ದು ಖುಲಾಸೆಯೇ? (ಓದುಗರು, ತುಮಕೂರು)

ಉತ್ತರ: ಡಿಸ್ಚಾರ್ಜ್ ಅಂದರೆ ಹೇರಿದ್ದನ್ನು ಇಳಿಸುವುದು. ಬ್ಯಾಟರಿಯೂ ಹಾಗೆ, ಹಡಗಿನ ಸರಕೂ ಹಾಗೆ. ಆದರೆ ಕೋರ್ಟಿನ ಡಿಸ್ಚಾರ್ಜ್ ಖುಲಾಸೆ ಅಲ್ಲ. ವಿಚಾರಣೆ ನಡೆಸುವಷ್ಟು ಆಧಾರ ಇಲ್ಲ ಅನ್ನಿಸಿದರೆ ಆರೋಪ ನಿಗದಿಗೆ, ಅಂದರೆ ಯಾವ ಆರೋಪದ ಮೇಲೆ ವಿಚಾರಣೆ ಅಂತ ಕೋರ್ಟ್ ಗೊತ್ತುಮಾಡುವುದಕ್ಕೆ, ಮೊದಲೇ ಪ್ರಕರಣದಿಂದ ಕೈಬಿಡುವುದು ಡಿಸ್ಚಾರ್ಜ್. ಆರೋಪ ನಿಗದಿಯಾಗಿ, ಸಾಕ್ಷಿ ವಿಚಾರಣೆ ನಡೆದು, ತಪ್ಪು ಸಾಬೀತಾಗಲಿಲ್ಲ ಅಂತ ಬಿಡುವುದು ‘ಅಕ್ವಿಟಲ್’. ಖುಲಾಸೆ ಅನ್ನಬೇಕಾದದ್ದು ಇದಕ್ಕೆ. ಸುದ್ದಿಯಲ್ಲಿ ಎರಡಕ್ಕೂ ಖುಲಾಸೆ ಅಂತ ಬರೆದಾಗ ನನಗೆ ಬೇಸರವಾಗುತ್ತದೆ. ಒಬ್ಬರು ವಿಚಾರಣೆಯ ಹೊರೆ ಹೊರಲೇ ಇಲ್ಲ, ಇನ್ನೊಬ್ಬರು ಅದನ್ನು ಕೊನೆಯವರೆಗೂ ಹೊತ್ತು ಇಳಿಸಿದ್ದಾರೆ.