ಮೆಲ್ಬರ್ನ್‌ನಿಂದ ಪರ್ತ್‌ಗೆ ಹೋಗಲು ಎಂಥ ಹಳೇ ಕಾರು ಕೊಳ್ಳಬೇಕು?

ನಿಮ್ಮ ಪ್ರಶ್ನೆ ಓದಿದೆ. ಮೆಲ್ಬರ್ನ್‌ಗೆ ಬಂದು ಇನ್ನೂ ಸ್ವಲ್ಪ ದಿನ, ಅಷ್ಟರಲ್ಲೇ ಪರ್ತ್‌ನಲ್ಲಿ ಕೆಲಸ ಸಿಕ್ಕಿದೆ. ಇಬ್ಬರೂ ಕಾರಿನಲ್ಲೇ ಹೋಗೋಣ ಅಂತ ಆಸೆ. ಕೈಯಲ್ಲಿ ಒಂಬತ್ತು ಸಾವಿರ ಡಾಲರ್ ಇದೆ. ಮರುಭೂಮಿಯ ದಾರಿ ಅಲ್ವಾ, ಹಳೇ ಫೋರ್‌ವೀಲ್ ಡ್ರೈವ್ ತೆಗೆದುಕೊಳ್ಳಲೇ ಅಂತ ಕೇಳಿದ್ದೀರಿ.

ಬೇಡ. ನಿಮ್ಮ ದಾರಿ ಅಡಿಲೇಡ್, ಪೋರ್ಟ್ ಆಗಸ್ಟ, ನಲ್ಲರ್ಬೋರ್ ಬಯಲು, ನಾರ್ಸ್‌ಮನ್, ಆಮೇಲೆ ಪರ್ತ್. ಒಟ್ಟು ಸುಮಾರು 3,400 ಕಿ.ಮೀ. ಪೂರ್ತಿ ಡಾಂಬರು ರಸ್ತೆ. ಕೊನೆಯ ಮಣ್ಣಿನ ತುಂಡಿಗೂ 1976ರಲ್ಲೇ ಡಾಂಬರು ಬಿದ್ದಿದೆ. ಅಲ್ಲಿ ಕಷ್ಟ ಇರುವುದು ರಸ್ತೆಯಲ್ಲಲ್ಲ, ಕೆಟ್ಟು ನಿಂತರೆ ಸಿಗುವ ಸಹಾಯದಲ್ಲಿ. ಕೆಲವು ಕಡೆ ಒಂದು ರೋಡ್‌ಹೌಸ್‌ನಿಂದ (ಪೆಟ್ರೋಲ್, ಊಟ ಸಿಗುವ ಹೆದ್ದಾರಿ ತಂಗುದಾಣ) ಇನ್ನೊಂದಕ್ಕೆ 190 ಕಿ.ಮೀ. ಆಗುತ್ತದೆ. ನಡುವೆ ಊರೂ ಇಲ್ಲ, ಫೋನ್ ಸಿಗ್ನಲ್ಲೂ ಬಹುಪಾಲು ಇರಲ್ಲ. ನಿಮ್ಮ ದುಡ್ಡಿಗೆ ಸಿಗುವ ಫೋರ್‌ವೀಲ್ ಡ್ರೈವ್ ಅಂದರೆ ಯಾರೋ ಮರಳು, ಕಾಡು ಸುತ್ತಿ ದುಡಿಸಿ ಬಿಟ್ಟ ಗಾಡಿ. ಪೆಟ್ರೋಲ್ ಖರ್ಚೂ ಜಾಸ್ತಿ, ರಿಪೇರಿಯೂ ಜಾಸ್ತಿ.

ನಾನಾದರೆ ಟೊಯೋಟಾ ಕ್ಯಾಮ್ರಿ ಹುಡುಕುತ್ತೇನೆ. ನೋಡೋಕೆ ಏನೂ ಚಂದ ಇಲ್ಲ, ಇರಲಿ. ಇಲ್ಲೇ ಮೆಲ್ಬರ್ನ್‌ನ ಆಲ್ಟೋನದಲ್ಲಿ 2017ರವರೆಗೂ ತಯಾರಾಗುತ್ತಿದ್ದ ಕಾರು. ಹಾಗಾಗಿ ಸಣ್ಣ ಊರಿನ ಮೆಕ್ಯಾನಿಕ್‌ಗೂ ಇದರ ಪರಿಚಯ ಇರುತ್ತದೆ, ಬಿಡಿಭಾಗ ಸಿಗುತ್ತದೆ. ಆದಷ್ಟು 2012 ಅಥವಾ ನಂತರದ 2.5 ಲೀಟರ್ ಎಂಜಿನ್‌ದು ನೋಡಿ. ಅದಕ್ಕೂ ಹಿಂದಿನ 2.4 ಲೀಟರ್ ಎಂಜಿನ್‌ಗಳಲ್ಲಿ ಕೆಲವು ಆಯಿಲ್ ಕುಡಿಯುತ್ತವೆ. ಅಂಥದ್ದೇ ಸಿಕ್ಕರೆ ಆಯಿಲ್ ಮಟ್ಟ ತೋರಿಸುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ನೋಡದೆ ಮಾತು ಮುಂದುವರಿಸಬೇಡಿ. ಸಾಮಾನು ಕಮ್ಮಿ ಇದ್ದರೆ ಕೊರೊಲ್ಲಾ ಕೂಡ ಸಾಕು. ಮಜ್ದಾ 3 ಸಹ ಕೆಟ್ಟದ್ದಲ್ಲ.

ದೂರ ಇಡಬೇಕಾದವೂ ಇವೆ. 2011ರಿಂದ 2016ರ ನಡುವಿನ ಫೋರ್ಡ್ ಫಿಯೆಸ್ಟಾ, ಫೋಕಸ್ ಆಟೋಮ್ಯಾಟಿಕ್ ಅಗ್ಗಕ್ಕೆ ಸಿಗುತ್ತವೆ. ಅವುಗಳ ಪವರ್‌ಶಿಫ್ಟ್ ಗೇರ್‌ಬಾಕ್ಸ್ ಬಗ್ಗೆ ಬಂದ ದೂರುಗಳನ್ನು ಸರಿಯಾಗಿ ನಿಭಾಯಿಸಲಿಲ್ಲ ಅಂತ 2018ರಲ್ಲಿ ಇಲ್ಲಿನ ಫೆಡರಲ್ ಕೋರ್ಟ್ ಕಂಪನಿಗೆ 1 ಕೋಟಿ ಡಾಲರ್ ದಂಡ ಹಾಕಿತ್ತು. ಹಳೇ ಜರ್ಮನ್ ಕಾರುಗಳ ಮೇಲೆ ಊರಲ್ಲಿ ಇದ್ದಾಗಿನ ಆಸೆ ಇದ್ದರೆ ಪರ್ತ್ ತಲುಪಿದ ಮೇಲೆ ತೀರಿಸಿಕೊಳ್ಳಿ.

ಇನ್ನು ಕಿಲೋಮೀಟರ್. ಬೆಂಗಳೂರಿನಲ್ಲಿ ಲಕ್ಷ ದಾಟಿದ ಕಾರು ಅಂದರೆ ನಾವು ಮೂಗು ಮುರಿಯುತ್ತೇವೆ. ಇಲ್ಲಿ ಎರಡು ಲಕ್ಷ ಓಡಿದ ಕ್ಯಾಮ್ರಿ ಮಾಮೂಲು. ಹೈವೇಯಲ್ಲಿ ಓಡಿದ ಎರಡು ಲಕ್ಷ, ಟ್ರಾಫಿಕ್‌ನಲ್ಲಿ ನಿಂತು ನಿಂತು ಓಡಿದ ಒಂದು ಲಕ್ಷಕ್ಕಿಂತ ಎಷ್ಟೋ ವಾಸಿ. 'ಎಷ್ಟನೇ ಓನರ್' ಅನ್ನುವುದಕ್ಕೂ ಇಲ್ಲಿ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಲಾಗ್‌ಬುಕ್ ಕೇಳಿ. ಸರ್ವಿಸ್ ಆದಾಗೆಲ್ಲ ಗ್ಯಾರೇಜಿನವರು ಮೊಹರು ಹಾಕಿ, ಕಿಲೋಮೀಟರ್ ಬರೆದಿರುತ್ತಾರೆ. ಆ ಪುಸ್ತಕ ಕಳೆದುಹೋಯ್ತು ಅಂದರೆ ಬಿಲ್ಲಾದರೂ ತೋರಿಸಲಿ. ಅದೂ ಇಲ್ಲ ಅಂದರೆ ಬೇರೆ ಕಾರು ನೋಡಿ, ಎಷ್ಟೇ ಹೊಳೆಯುತ್ತಿದ್ದರೂ. ಕ್ಯಾಮ್ರಿಗಳಲ್ಲಿ ಹಳೇ ಟ್ಯಾಕ್ಸಿಗಳೂ ಇರುತ್ತವೆ. ಡ್ಯಾಶ್‌ಬೋರ್ಡ್ ಮೇಲೆ, ಟಾಪ್ ಮೇಲೆ ತೂತು ಮುಚ್ಚಿದ ಗುರುತು, ಸವೆದ ಹಿಂದಿನ ಸೀಟು ಕಂಡರೆ ಅರ್ಥ ಮಾಡಿಕೊಳ್ಳಿ.

ಕಾರು ನೋಡಲು ಬೆಳಗ್ಗೆಯೇ ಹೋಗಿ. ಎಂಜಿನ್ ಸ್ಟಾರ್ಟ್ ಮಾಡಿಡಬೇಡಿ ಅಂತ ಮೊದಲೇ ಹೇಳಿರಿ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಏನೋ ಮುಚ್ಚಿಡುತ್ತಿರಬಹುದು. ತಣ್ಣಗಿರುವ ಎಂಜಿನ್ ಮಾತ್ರ ತನ್ನ ನಿಜವಾದ ಸದ್ದು, ಹೊಗೆ ತೋರಿಸುತ್ತದೆ. ಆಯಿಲ್ ಮುಚ್ಚಳ ತೆಗೆದಾಗ ಒಳಗೆ ಹಾಲು ಬೆರೆಸಿದ ಕಾಫಿ ಬಣ್ಣದ ಜಿಡ್ಡು ಇದ್ದರೆ ಎಂಜಿನ್ ಆಯಿಲ್‌ಗೆ ನೀರು ಸೇರುತ್ತಿರಬಹುದು, ಅಲ್ಲಿಂದಲೇ ವಾಪಸ್ ಬನ್ನಿ. ಬೀದಿಯಲ್ಲಿ ಒಂದು ಸುತ್ತು ಹಾಕಿದರೆ ಸಾಲದು. ಫ್ರೀವೇಗೆ ತೆಗೆದುಕೊಂಡು ಹೋಗಿ, 100ರ ವೇಗದಲ್ಲಿ ಎ.ಸಿ. ಹಾಕಿ ಇಪ್ಪತ್ತು ನಿಮಿಷ ಓಡಿಸಿ. ಎಂಜಿನ್ ಒಮ್ಮೆ ಬಿಸಿಯಾದ ಮೇಲೆ ಟೆಂಪರೇಚರ್ ಮುಳ್ಳು ಅಲುಗಬಾರದು.

ಆಮೇಲೆ ಕಾಗದ ಪತ್ರ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ರಿಜಿಸ್ಟ್ರೇಷನ್ ಇರುವ ಕಾರು ನಿಮ್ಮ ಹೆಸರಿಗೆ ಆಗಲು ಆರ್‌ಡಬ್ಲ್ಯುಸಿ, ಅಂದರೆ ರೋಡ್‌ವರ್ದಿ ಸರ್ಟಿಫಿಕೇಟ್ ಬೇಕು. ಅದು ಇದೆ ಅಂದ ಮಾತ್ರಕ್ಕೆ ಎಂಜಿನ್ ಚೆನ್ನಾಗಿದೆ ಅಂತಲ್ಲ. ಬ್ರೇಕ್, ಟೈರು, ಲೈಟು, ಸ್ಟಿಯರಿಂಗ್ ಸುರಕ್ಷಿತವಾಗಿವೆ ಅಂತ ಅಷ್ಟೇ. ಹಾಗಾಗಿ ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಒಬ್ಬರಿಂದ ಪೂರ್ತಿ ಚೆಕ್ ಮಾಡಿಸಿ. ಇದಕ್ಕೆ ದುಡ್ಡು ಉಳಿಸಬೇಡಿ. ಅದಕ್ಕೂ ಮೊದಲು ಪಿಪಿಎಸ್ಆರ್ ಅನ್ನುವ ಸರ್ಕಾರಿ ವೆಬ್‌ಸೈಟ್‌ನಲ್ಲಿ ಕಾರಿನ ವಿಐಎನ್ ನಂಬರ್ (ಪ್ರತಿ ಕಾರಿಗೂ ಇರುವ ಗುರುತಿನ ಸಂಖ್ಯೆ) ಹಾಕಿ 2 ಡಾಲರ್ ಕಟ್ಟಿ. ಕಾರಿನ ಮೇಲೆ ಸಾಲ ಇದೆಯಾ, ಕಳವು ಮಾಲಾ, ಅಪಘಾತದಲ್ಲಿ ರೈಟ್ ಆಫ್ (ರಿಪೇರಿ ಮಾಡಿ ಪ್ರಯೋಜನವಿಲ್ಲ ಅಂತ ಕೈಬಿಟ್ಟದ್ದು) ಆಗಿತ್ತಾ ಎಲ್ಲ ಗೊತ್ತಾಗುತ್ತದೆ. ಅದೇ ರೀತಿ ಕಾಣುವ ಖಾಸಗಿ ಸೈಟುಗಳು ಜಾಸ್ತಿ ದುಡ್ಡು ಕೀಳುತ್ತವೆ, ಹುಷಾರು. ಮಾರುವವರ ಸಾಲ ತೀರದಿದ್ದರೆ ಸಾಲ ಕೊಟ್ಟವರು ಬಂದು ನಿಮ್ಮ ಮನೆ ಮುಂದಿನಿಂದಲೇ ಕಾರು ತೆಗೆದುಕೊಂಡು ಹೋಗಬಹುದು.

ಇನ್ನೊಂದು ವಿಷಯ. ನೀವು ಪರ್ತ್‌ನಲ್ಲೇ ಉಳಿಯುವವರು. ವಿಕ್ಟೋರಿಯಾ ನಂಬರ್ ಬದಲಿಸಿ ಅಲ್ಲಿಯ ನಂಬರ್ ಪಡೆಯುವಾಗ ಮತ್ತೆ ಇನ್‌ಸ್ಪೆಕ್ಷನ್ ಇರುತ್ತದೆ. ತೀರಾ ಹಳಸಿದ ಗಾಡಿ ಹೇಗೋ ತಲುಪಿದರೂ ಅಲ್ಲಿ ಸಿಕ್ಕಿಬೀಳುತ್ತದೆ. ಇಲ್ಲಿಯ ರೆಜೊ, ಅಂದರೆ ರಿಜಿಸ್ಟ್ರೇಷನ್, ರದ್ದು ಮಾಡಿಸಿದರೆ ಉಳಿದ ತಿಂಗಳುಗಳ ದುಡ್ಡು ವಾಪಸ್ ಕೇಳಬಹುದು, ಮರೆಯಬೇಡಿ.

ಒಂಬತ್ತು ಸಾವಿರವನ್ನೂ ಕಾರಿಗೇ ಸುರಿಯಬೇಡಿ. ಏಳೂವರೆಯಲ್ಲಿ ಮುಗಿಸಿ. ಉಳಿದದ್ದು ಹೆಸರು ಬದಲಾವಣೆಯ ತೆರಿಗೆ, ಟೈರು, ಬ್ಯಾಟರಿ, ಕೂಲೆಂಟ್, ಸರ್ವಿಸ್‌ಗೆ ಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2314 ಅಂತಿದ್ದರೆ 2014ರ 23ನೇ ವಾರದ್ದು. ಮೇಲಿನ ಗೀರುಗಳು ಸವೆಯದೆ ಎಷ್ಟೇ ಚೆನ್ನಾಗಿದ್ದರೂ ಅಂಥ ಟೈರಿನಲ್ಲಿ ಹೊರಡಬೇಡಿ. ಡಿಕ್ಕಿಯಲ್ಲಿರುವ ಸ್ಪೇರ್ ಪೂರ್ತಿ ಅಳತೆಯದ್ದೇ ಇರಲಿ. ಸಣ್ಣ ಸ್ಪೇರ್ ಹಾಕಿಕೊಂಡು 80ಕ್ಕಿಂತ ಜೋರಾಗಿ ಹೋಗುವಂತಿಲ್ಲ. ಸರ್ವಿಸ್ ಅನ್ನು ಹೊರಡುವ ಹಿಂದಿನ ದಿನ ಮಾಡಿಸಬೇಡಿ, ಎರಡು ವಾರ ಮೊದಲೇ ಮಾಡಿಸಿ. ನಡುವೆ ಬಲ್ಲರಾಟ್, ಗ್ರೇಟ್ ಓಷನ್ ರೋಡ್ ಕಡೆ ಸುತ್ತಾಡಿ ಬನ್ನಿ. ಏನಾದರೂ ಕೈಕೊಡುವುದಿದ್ದರೆ ಇಲ್ಲೇ ಕೊಡಲಿ.

ಇನ್ಶೂರೆನ್ಸ್ ಕಾಂಪ್ರಹೆನ್ಸಿವ್ ಮಾಡಿಸಿ. ಥರ್ಡ್ ಪಾರ್ಟಿ ಇದ್ದರೆ ಎದುರಿನವರ ನಷ್ಟಕ್ಕೆ ಆಯಿತು, ಕಾಂಗರೂ ಬಂದು ಬಡಿದರೆ ನಿಮ್ಮ ಕಾರಿಗೆ ಏನೂ ಬರುವುದಿಲ್ಲ. ಮುಂಜಾನೆ, ಮುಸ್ಸಂಜೆ, ರಾತ್ರಿ ಗಾಡಿ ಓಡಿಸಬೇಡಿ, ಅವು ರಸ್ತೆಗೆ ಬರುವುದೇ ಆಗ. ರೋಡ್‌ಸೈಡ್ ಅಸಿಸ್ಟೆನ್ಸ್‌ನಲ್ಲಿ ಕೆಟ್ಟ ಕಾರನ್ನು ಎಷ್ಟು ದೂರದವರೆಗೆ ಎಳೆದುಕೊಂಡು ಹೋಗುತ್ತಾರೆ ಅಂತ ಓದಿಯೇ ಕಟ್ಟಿ. ಅಗ್ಗದ ಪ್ಲಾನ್ ಆ ಬಯಲಿಗೆ ಸಾಲುವುದಿಲ್ಲ.

ನಿಮ್ಮ ಮನೆಯವರು ಕರಿಬೇವಿನ ಗಿಡ ತೆಗೆದುಕೊಂಡು ಹೋಗಬಹುದಾ ಅಂತ ಕೇಳಿದ್ದಾರಲ್ಲ, ಆಗಲ್ಲ. ಪರ್ತ್ ಇರುವ ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ಗಡಿಯಲ್ಲಿ ಕಾರು ನಿಲ್ಲಿಸಿ ತಪಾಸಣೆ ಮಾಡುತ್ತಾರೆ. ಗಿಡ, ಹಣ್ಣು, ಹಸಿ ತರಕಾರಿ, ಜೇನುತುಪ್ಪ ಅಲ್ಲೇ ಬಿಡಬೇಕು. ಗಿಡ ಇಲ್ಲೇ ಪರಿಚಯದವರಿಗೆ ಕೊಟ್ಟು ಹೋಗಿ. ಯಾರೂ ಸಿಗದಿದ್ದರೆ ನಮ್ಮ ಮನೆಗೇ ತಂದುಕೊಡಿ, ಹಾಗೇ ಕಾರನ್ನೂ ಒಮ್ಮೆ ನೋಡುತ್ತೇನೆ.