ರಾಯರ ಹೋಟೆಲ್ ಮುಚ್ಚಿದ್ದಕ್ಕೆ ಅಳು ಬಂತು ಅಂದ ತಮ್ಮನಿಗೆ

ನಿನ್ನ ಮೆಸೇಜ್ ಎರಡು ಸಲ ಓದಿದೆ ತಮ್ಮಾ. ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಮೂರು ತಿಂಗಳಾಯಿತು, ಮನೆ ಸಿಕ್ಕಿತು, ಕೆಲಸವೂ ಪರವಾಗಿಲ್ಲ. ಆದರೆ ತುಮಕೂರಿನ ರಾಯರ ಹೋಟೆಲ್ ಶಟರ್ ಎಳೆದಿರುವ ಫೋಟೋ ನೋಡಿದಾಗಿನಿಂದ ನೆನೆದಾಗಲೆಲ್ಲ ಅಳು ಬರುತ್ತದೆ, ಇದೇನು ಹುಚ್ಚಾ ಅಣ್ಣಾ ಅಂತ ಕೇಳಿದ್ದೀಯ. ಇಲ್ಲಿ ಅಂಥದೊಂದು ಜಾಗ ಸಿಗುತ್ತಾ ಅಂತಲೂ ಕೇಳಿದ್ದೀಯ.

ಹುಚ್ಚಲ್ಲ. ನೀನು ಇಲ್ಲಿ ಬಂದಿಳಿದ ತಿಂಗಳೇ ಆ ಫೋಟೋ ನನಗೂ ಬಂತು. ನಾನು 2008ರಲ್ಲಿ ಊರು ಬಿಟ್ಟವನು. ಫೋಟೋ ಬಂದ ದಿನ ಅಳಲಿಲ್ಲ. ಆದರೆ ಮಧ್ಯಾಹ್ನದ ಮೀಟಿಂಗ್‌ನಲ್ಲಿ ಯಾರು ಏನು ಹೇಳಿದರೋ ಇವತ್ತಿಗೂ ಗೊತ್ತಿಲ್ಲ.

ಮೊದಲು ಒಂದು ನಿಜ ಒಪ್ಪಿಕೊಂಡುಬಿಡೋಣ. ಅಲ್ಲಿ ತಿಂಡಿ ಅಷ್ಟೇನೂ ಚೆನ್ನಾಗಿರಲಿಲ್ಲ, ಅಲ್ವಾ? ಸಾಂಬಾರು ನೀರು ನೀರು. ತಟ್ಟೆ ಇಡ್ಲಿ ತಿನ್ನಬೇಕು ಅನ್ನಿಸಿದರೆ ನಾವೇ ಬೈಕ್ ಹತ್ತಿ ಕ್ಯಾತ್ಸಂದ್ರಕ್ಕೆ ಹೋಗುತ್ತಿದ್ದೆವು. ರಾಯರ ಹತ್ತಿರ ಹೋಗುತ್ತಿದ್ದದ್ದು ಕೂರೋದಕ್ಕೆ. ಗೋಡೆ ಪಕ್ಕದ ಕಲ್ಲಿನ ಟೇಬಲ್. ಮೂರು ಜನಕ್ಕೆ ಎರಡು ಕಾಫಿ, ಒಂದು ಖಾಲಿ ಲೋಟ. ಪ್ರಜಾಪ್ರಗತಿ ಪೇಪರಿನ ಹಾಳೆ ಬಿಡಿಸಿ ಒಬ್ಬೊಬ್ಬರಿಗೆ ಒಂದೊಂದು. ಗಲ್ಲಾದ ಮೇಲೆ ಸಿದ್ಧಗಂಗೆಯ ದೊಡ್ಡ ಸ್ವಾಮಿಗಳ ಫೋಟೋ, ಅದಕ್ಕೆ ದಿನಾ ಒಂದು ಮೊಳ ಹೂವು. ಬೆಂಗಳೂರಿನಿಂದ ರೈಲಿಳಿದು ಬರೋ ನೌಕರರು, ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜಿನ ಹುಡುಗರು, ಕೋರ್ಟಿಗೆ ಬಂದ ಹಳ್ಳಿಯವರು, ಎಲ್ಲರೂ ಅಲ್ಲೇ. ಯಾರನ್ನೂ "ಏಳಿ" ಅಂತ ರಾಯರು ಅಂದದ್ದು ನಾನು ಕೇಳಿಲ್ಲ. ತೀರಾ ಜಾಸ್ತಿ ಹೊತ್ತಾದರೆ ಸಪ್ಲೈಯರ್ ಬಂದು, ಆಗಲೇ ಒರೆಸಿದ ಟೇಬಲ್ಲನ್ನು ಇನ್ನೊಂದು ಸಲ ಒರೆಸುತ್ತಿದ್ದ. ಅಷ್ಟೇ ನೋಟಿಸು.

ಅಲ್ಲಿಗೆ ಹೇಳಿ ಹೋಗಬೇಕಾಗಿರಲಿಲ್ಲ. ಸಂಜೆ ಆರಕ್ಕೆ ಹೋದರೆ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ನಿನಗೆ ಇಲ್ಲಿ ಇಲ್ಲದಿರುವುದು ಅದು. ಈ ದೇಶ ನಡೆಯುವುದೇ ಟರ್ಮಿನ್ ಮೇಲೆ, ಅಂದರೆ ಮೊದಲೇ ಗೊತ್ತು ಮಾಡಿಕೊಂಡ ದಿನ, ಹೊತ್ತಿನ ಮೇಲೆ. ಹೊಸ ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ಬರೆಸಬೇಕು, ಅದಕ್ಕೆ ಟರ್ಮಿನ್. ಡಾಕ್ಟರಿಗೆ ಟರ್ಮಿನ್, ಕಟಿಂಗ್‌ಗೂ ಟರ್ಮಿನ್. ಆಫೀಸಿನ ಗೆಳೆಯನನ್ನು ಕಾಫಿಗೆ ಕರೆದರೆ ಕ್ಯಾಲೆಂಡರ್ ತೆಗೆದು ಮೂರು ವಾರದ ಆಚೆ ತೋರಿಸುತ್ತಾನೆ. ಕೆಟ್ಟದ್ದು ಅನ್ನುತ್ತಿಲ್ಲ. ಹೇಳಿದ ಹೊತ್ತಿಗೆ ಬಂದು ನಿಲ್ಲುತ್ತಾನೆ. ನಮ್ಮವರು "ಬಂದೆ, ಐದೇ ನಿಮಿಷ" ಅಂದು ಭದ್ರಮ್ಮ ಸರ್ಕಲ್‌ನಲ್ಲಿ ಒಂದು ಗಂಟೆ ಕಾಯಿಸಿದ್ದು ಮರೆತಿಲ್ಲ ನಾನು. ಆದರೆ ಸುಮ್ನೆ ಹೋಗಿ ಕೂರೋ ಜಾಗ ಇಲ್ಲದೆ ಭಾನುವಾರ ಕಳೆಯೋದು ಕಷ್ಟ. ಅವತ್ತು ಅಂಗಡಿಗಳೂ ಮುಚ್ಚಿರುತ್ತವೆ. ಡಿಸೆಂಬರ್ ಬರಲಿ, ಸಂಜೆ ನಾಲ್ಕೂವರೆಗೆ ಕತ್ತಲು. ಊರಿಗೆ ಫೋನ್ ಮಾಡೋಣ ಅಂದರೆ ಅಲ್ಲಿ ರಾತ್ರಿ ಒಂಬತ್ತು, ಅಮ್ಮ ಸೀರಿಯಲ್ ನೋಡೋ ಹೊತ್ತು.

ದೂರ ಇದ್ದವರಿಗೆ ಇನ್ನೊಂದು ಕಷ್ಟ ಇದೆ. ದೊಡ್ಡ ಸ್ವಾಮಿಗಳು ಲಿಂಗೈಕ್ಯರಾದದ್ದು 2019ರ ಜನವರಿ 21. ಅವರಿಗೆ 111 ವರ್ಷ. ರಾಯರು ಒಲೆ ಆರಿಸಿ ಮಠದ ಕಡೆ ನಡೆದರು ಅಂತ ಗೆಳೆಯ ಫೋನ್ ಮಾಡಿದ. ನಾನು ಆಫೀಸಿನಲ್ಲಿದ್ದೆ. ಮುಖ ನೋಡಿ ಪಕ್ಕದವನು "ಸಂಬಂಧಿಕರಾ?" ಅಂದ. ಏನಂತ ವಿವರಿಸಲಿ? ಹೌದು ಅಂದೆ. ರಜೆ ಬೇಕಾ ಅಂತ ಕೇಳಿದ, ಪಾಪ.

ಹೋಟೆಲ್ ಯಾಕೆ ಮುಚ್ಚಿದರು ಅಂದೆಯಲ್ಲ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಒಲೆ ಹಚ್ಚೋರಿಲ್ಲ. ಕಟ್ಟಡ ಸ್ವಂತದ್ದಲ್ಲ. ಇನ್ನೊಂದು ಕಾರಣ ನಾವೇ. ಕಳೆದ ಸಲ ಊರಲ್ಲಿ ಮೂರು ವಾರ ಇದ್ದೆ, ರಾಯರ ಹತ್ತಿರ ಹೋದದ್ದು ಒಂದೇ ಸಲ. ಮಕ್ಕಳಿಗೆ ಎಸಿ ಬೇಕಿತ್ತು. ಫೋಟೋ ಕೆಳಗೆ ಅಳುವ ಇಮೋಜಿ ಹಾಕಿದವರಲ್ಲಿ ಬಹಳ ಜನ ನನ್ನ ಥರದವರೇ ಇರಬೇಕು. ಮೂವರು ಎರಡು ಕಾಫಿಗೆ ಮೂರು ಗಂಟೆ ಕೂತರೆ ಬಾಡಿಗೆ ಎಲ್ಲಿಂದ ಹುಟ್ಟಬೇಕು ಹೇಳು.

ಇನ್ನು ಇಲ್ಲಿನ ಜಾಗದ ಮಾತು. ಸ್ಟಾಮ್‌ಟಿಶ್ ಅಂತ ಒಂದು ಪದ ಕಲಿತುಕೋ. ಹಳೇ ಹೋಟೆಲ್‌ಗಳಲ್ಲಿ ಖಾಯಂ ಗಿರಾಕಿಗಳಿಗೆ ಅಂತಲೇ ಬಿಟ್ಟಿರೋ ಟೇಬಲ್. ಮೇಲೆ ಬೋರ್ಡ್ ಇಟ್ಟಿರುತ್ತಾರೆ. ಗೊತ್ತಿಲ್ಲದೆ ಹೋಗಿ ಕೂರಬೇಡ, ನಾನು ಕೂತು ಎದ್ದು ಬಂದವನು. ರಾಯರ ಗೋಡೆ ಪಕ್ಕದ ಟೇಬಲ್ಲೂ ಅದೇ ತಾನೇ, ಬೋರ್ಡ್ ಇರಲಿಲ್ಲ ಅಷ್ಟೇ.

ನಮ್ಮಂಥವರಿಗೆ ಬೇಕರಿ ವಾಸಿ. ಒಳಗೆ ಎತ್ತರದ ಟೇಬಲ್ ಇರುತ್ತದೆ, ದರ್ಶಿನಿ ಥರ ನಿಂತು ಕಾಫಿ ಕುಡಿಯೋದು. ನಾನು ಒಂದೇ ಬೇಕರಿ ಹಿಡಿದೆ, ಪ್ರತಿ ಶನಿವಾರ ಬೆಳಿಗ್ಗೆ ಎಂಟಕ್ಕೆ. ಆರು ತಿಂಗಳು ನಮಸ್ಕಾರ ಬಿಟ್ಟು ಬೇರೆ ಮಾತಿಲ್ಲ. ಏಳನೇ ತಿಂಗಳು ಒಬ್ಬ ಅಜ್ಜ ಕೇಳಿದ, "ಹೋದ ವಾರ ಕಾಣಲಿಲ್ಲ?" ಜ್ವರ ಅಂದೆ. ಬಿಸಿನೀರಿಗೆ ಶುಂಠಿ ಹಾಕಿ ಕುಡಿ, ಒಳ್ಳೆಯದು ಅಂದ. ನಮಗೇ ಶುಂಠಿ ಪಾಠ! ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡೆ.

ಆ ಬೇಕರಿಯೂ ಹೋದ ತಿಂಗಳು ಮುಚ್ಚಿತು. ಕಥೆ ಅದೇ, ನಡುರಾತ್ರಿ ಎದ್ದು ಹಿಟ್ಟು ನಾದೋದು ಮಗಳಿಗೆ ಬೇಡವಾಗಿತ್ತು. ಆದರೆ ಮೂರು ತಿಂಗಳು ಮೊದಲೇ ಬಾಗಿಲಿಗೆ ಚೀಟಿ ಅಂಟಿಸಿದ್ದರು, ತಾರೀಖು ಹಾಕಿ. ಮುಚ್ಚೋದಕ್ಕೂ ಟರ್ಮಿನ್ ನೋಡು. ಕೊನೇ ಶನಿವಾರ ಅಜ್ಜ ಟೈ ಕಟ್ಟಿಕೊಂಡು ಬಂದಿದ್ದ. ಕಾಫಿ ಕುಡಿದೆವು. ಕಪ್ ವಾಪಸ್ ಕೊಟ್ಟು, ಬೇಕರಿಯಮ್ಮನ ಕೈ ಕುಲುಕಿ ಹೊರಗೆ ಬಂದೆ. ಟ್ರಾಮ್ ಹತ್ತಿದ ಮೇಲೆ ಅಳು ಬಂತು. ಬೇಕರಿಗಲ್ಲ. ರಾಯರ ಗಲ್ಲಾದ ಮುಂದೆ ನಿಂತು ಹೀಗೊಂದು ಮಾತು ಹೇಳಲಿಲ್ಲವಲ್ಲ ಅಂತ.

ಈಗ ನಾನೂ ನಿನ್ನ ಹಾಗೆ ಹೊಸಬ. ಎರಡು ಬೀದಿ ಆಚೆ ಇನ್ನೊಂದು ಬೇಕರಿ ಹಿಡಿದಿದ್ದೇನೆ. ಮೂರು ಶನಿವಾರ ಆಯಿತು, ಯಾರೂ ಮಾತಾಡಿಸಿಲ್ಲ. ಈ ಶನಿವಾರ ನೀನೂ ಬಾ, ಎಂಟಕ್ಕೆ. ಬೈಟು ಮಾತ್ರ ಕೇಳಬೇಡ, ಕೇಳಿ ನೋಡಿಯಾಗಿದೆ. ಭಾನುವಾರ ಮನೆಗೆ ಬಾ. ತಟ್ಟೆ ಇಡ್ಲಿಯ ತಟ್ಟೆಗಳನ್ನು ಊರಿನಿಂದಲೇ ತಂದಿದ್ದೇನೆ. ಹಿಟ್ಟನ್ನು ಓವನ್ ಒಳಗಿಟ್ಟು ಬರೀ ಲೈಟ್ ಹಾಕಿಟ್ಟರೆ ಉಬ್ಬುತ್ತದೆ. ಉಬ್ಬದಿದ್ದರೆ ಉಪ್ಪಿಟ್ಟು. ಫೋನ್ ಗೀನ್ ಮಾಡಬೇಡ, ಹಾಗೇ ಬಾ.