ಪಂಚಾಯಿತಿ ಇಲ್ಲದ ಮೇಘಾಲಯದಲ್ಲಿ ಊರಿನ ಆಡಳಿತ ನಡೆಸುವವರು ಯಾರು?

ಹೆಚ್ಚಾಗಿ ಊರಿನವರ ಸಾಂಪ್ರದಾಯಿಕ ಸಭೆಗಳೇ. ದೇಶದಲ್ಲಿ ಪಂಚಾಯಿತಿಗಳಿಗೆ ಸಾಂವಿಧಾನಿಕ ಸ್ಥಾನ ಕೊಟ್ಟ, 1993ರಲ್ಲಿ ಜಾರಿಗೆ ಬಂದ ಸಂವಿಧಾನದ ತಿದ್ದುಪಡಿ ಮೇಘಾಲಯ, ನಾಗಾಲ್ಯಾಂಡ್, ಮಿಜೋರಾಂಗಳಿಗೆ ಅನ್ವಯಿಸುವುದಿಲ್ಲ.

ಖಾಸಿ ಬೆಟ್ಟಗಳಲ್ಲಿ ಊರಸಭೆಗೆ ‘ದರ್ಬಾರ್ ಶ್ನಾಂಗ್’ ಎನ್ನುತ್ತಾರೆ. ಮುಖ್ಯಸ್ಥ ‘ರಂಗ್‌ಬಾ ಶ್ನಾಂಗ್’. ನೀರು, ದಾರಿ, ಸ್ವಚ್ಛತೆ, ಸಣ್ಣಪುಟ್ಟ ಜಗಳ ಎಲ್ಲ ಮೊದಲು ಬರುವುದು ಇಲ್ಲಿಗೇ. ಅದರ ಮೇಲೆ, ಈಶಾನ್ಯದ ಕೆಲ ಬುಡಕಟ್ಟು ಪ್ರದೇಶಗಳಿಗೆ ಸ್ವಾಯತ್ತತೆ ಕೊಡುವ ಸಂವಿಧಾನದ ಆರನೇ ಅನುಸೂಚಿಯಡಿ ರಚನೆಯಾದ ಜಿಲ್ಲಾ ಸ್ವಾಯತ್ತ ಮಂಡಳಿ ಇದೆ. ಮುಖ್ಯಸ್ಥರ ನೇಮಕದ ಬಗ್ಗೆ ಕಾನೂನು ಮಾಡುವ ಅಧಿಕಾರವೂ ಅದಕ್ಕುಂಟು.

ಜನರಿಗೆ ಹತ್ತಿರದ ವ್ಯವಸ್ಥೆ, ನಿಜ. ಆದರೆ ಒಂದು ದೊಡ್ಡ ಕೊರತೆ ನನಗೆ ಕಾಣುತ್ತದೆ. ಖಾಸಿಗಳಲ್ಲಿ ವಂಶ ತಾಯಿಯ ಕಡೆಯಿಂದ, ಆಸ್ತಿ ಸಾಮಾನ್ಯವಾಗಿ ಕಿರಿಮಗಳಿಗೆ. ಆದರೂ ದರ್ಬಾರ್ ಮಾತ್ರ ಸಂಪ್ರದಾಯದಂತೆ ಗಂಡಸರದ್ದು! ಪಂಚಾಯಿತಿಯ ಮಹಿಳಾ ಮೀಸಲಾತಿಯೂ ಇಲ್ಲಿಗೆ ಅನ್ವಯಿಸಲ್ಲ.